ಹವ್ಯಾಸವಲ್ಲ, ಇದೂ ಒಂದು ಕಸುಬು

ಕಳೆದ ಸಲದ ಕೊಡಿ ಹಬ್ಬಕ್ಕೆ ಇನ್ನೂ ಹದಿನೈದು ದಿನವಿರುವಾಗ ಕೋಟೇಶ್ವರ ಪೇಟೆಯ ಪರಿಚಿತ ವರ್ತಕರೊಬ್ಬರು ನನ್ನನ್ನು ಅಂಗಡಿಗೆ ಕರೆದು ಕುಳ್ಳಿರಿಸಿದರು. ಹಬ್ಬದ ಸಂತೆಗೆ ಬರುವ ಜನರಿಗಾಗಿ ಒಂದು ಕರಪತ್ರ, ರಸ್ತೆ ಬದಿಗೆ ಎರಡು ಫಲಕ, ಮೊಬೈಲಿನಲ್ಲಿ ಕಳುಹಿಸಲು ನಾಲ್ಕು ಸಾಲು, ಇಷ್ಟನ್ನು ಬರೆದು ಕೊಡಬೇಕೆಂಬುದು ಅವರ ಅಪೇಕ್ಷೆ. ಫಲಕ ಮುದ್ರಿಸುವವರಿಗೆ ಚದರ ಅಡಿಯ ಲೆಕ್ಕದಲ್ಲಿ, ಕಟ್ಟುವ ಹುಡುಗರಿಗೆ ದಿನದ ಲೆಕ್ಕದಲ್ಲಿ, ಕರಪತ್ರದ ಮುದ್ರಣಾಲಯಕ್ಕೆ ಸಾವಿರದ ಲೆಕ್ಕದಲ್ಲಿ ಹಣ ನಿಗದಿಯಾಗಿತ್ತು. ಬರೆಯುವವನ ಲೆಕ್ಕವೇನೆಂದು ನಾನು ಸಂಕೋಚದಿಂದಲೇ ಕೇಳಿದಾಗ ಅವರು ನಕ್ಕರು. "ನಿಮ್ಗೆ ಅದೇನ್ ಮಹಾ ಮರಾಯ್ರೆ, ಐದ್ ನಿಮಿಷದ್ ಕೆಲ್ಸ" ಎಂದರು. ಅವರು ಕೆಟ್ಟವರಲ್ಲ, ಜಿಪುಣರೂ ಅಲ್ಲ. ಚಹಾ, ತಿಂಡಿ ತರಿಸಿ ಉಪಚರಿಸಿದರು. ಆದರೆ ಬರಹವೆಂಬುದು ಖರೀದಿಸಬೇಕಾದ ವಸ್ತು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಈ ಘಟನೆಯನ್ನು ದೂರಿನ ರೂಪದಲ್ಲಿ ಹೇಳುತ್ತಿಲ್ಲ. ಈ ಮಾಸಪತ್ರಿಕೆಯ ಓದುಗರಾದ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ದಿನನಿತ್ಯ ಮಾಡುವ ಒಂದು ವ್ಯವಹಾರದಲ್ಲಿ ಲೆಕ್ಕ ತಪ್ಪುತ್ತಿದೆ, ಅದರ ನಷ್ಟ ಇಬ್ಬರಿಗೂ ತಟ್ಟುತ್ತಿದೆ ಎಂಬುದನ್ನು ವ್ಯಾಪಾರದ ಭಾಷೆಯಲ್ಲಿಯೇ ನಿವೇದಿಸಬೇಕೆಂದಿದ್ದೇನೆ.

ಹೆಸರಿನಲ್ಲಿಯೇ ಇರುವ ತೊಡಕು

ಯಾವ ಸಂಸ್ಥೆಯ ಸಂಬಳದಲ್ಲಿಯೂ ಇಲ್ಲದೆ ಹಲವು ಪತ್ರಿಕೆಗಳಿಗೆ, ಅಂತರ್ಜಾಲ ತಾಣಗಳಿಗೆ, ಸಂಘ ಸಂಸ್ಥೆಗಳಿಗೆ ಬರೆದು ಬದುಕುವವನನ್ನು ನಾವು ಕನ್ನಡದಲ್ಲಿ "ಹವ್ಯಾಸಿ ಬರಹಗಾರ" ಎಂದು ಕರೆಯುತ್ತ ಬಂದಿದ್ದೇವೆ. ಹವ್ಯಾಸವೆಂದರೆ ಬಿಡುವಿನ ವೇಳೆಯ ಆಸಕ್ತಿ. ಅಂಚೆಚೀಟಿ ಸಂಗ್ರಹಿಸುವವನಿಗೆ ಯಾರೂ ಕೂಲಿ ಕೊಡುವುದಿಲ್ಲವಷ್ಟೆ. ಅವನಿಗೆ ಸಲ್ಲುವ ಹಣಕ್ಕೆ "ಗೌರವಧನ" ಎಂಬ ಹೆಸರಿದೆ. ಗೌರವಧನವನ್ನು ಕೇಳಿ ಪಡೆಯುವುದು ಅಗೌರವ. ಕೊಡುವವರ ಮನಸ್ಸಿಗೆ ಬಂದಾಗ, ಬಂದಷ್ಟು ಬರುತ್ತದೆ. ಒಬ್ಬ ಬಡಗಿಯ ಕೂಲಿಯನ್ನೋ ಲಾರಿಯ ಬಾಡಿಗೆಯನ್ನೋ ಗೌರವಧನವೆಂದು ಕರೆದರೆ ಆ ಕಸುಬು ಎಷ್ಟು ದಿನ ಉಳಿದೀತು? ಆದುದರಿಂದ ಮೊದಲು ಹೆಸರನ್ನು ತಿದ್ದಿಕೊಳ್ಳೋಣ. ಇವನು ಸ್ವತಂತ್ರ ಬರಹಗಾರ. ಇವನದು ನಮ್ಮ ಕಾರ್ಖಾನೆಗಳಿಗೆ ಚಿರಪರಿಚಿತವಾದ ಜಾಬ್ ವರ್ಕ್. ಬೇರೊಬ್ಬರ ಅಗತ್ಯಕ್ಕೆ ತಕ್ಕಂತೆ, ಹೇಳಿದ ಅಳತೆಗೆ, ಹೇಳಿದ ದಿನಕ್ಕೆ ಮಾಡಿಕೊಡುವ ಕೆಲಸ.

ಈ ಕೆಲಸದ ವೈವಿಧ್ಯವನ್ನು ತಿಳಿಯಲು ನನ್ನ ಒಂದು ತಿಂಗಳ ದಿನಚರಿಯನ್ನೇ ತೆರೆಯುತ್ತೇನೆ. ಒಂದು ಮಾಸಿಕಕ್ಕೆ ಗಂಗೊಳ್ಳಿ ಬಂದರಿನ ಮೀನು ವ್ಯವಹಾರದ ಕುರಿತು ಲೇಖನ. ಒಂದು ಅಂತರ್ಜಾಲ ತಾಣಕ್ಕೆ ಮಳೆಗಾಲದ ಅಡುಗೆಗಳ ಬಗ್ಗೆ ನಾಲ್ಕು ಕಿರು ಬರಹ. ಒಂದು ಸಹಕಾರಿ ಸಂಘದ ವಾರ್ಷಿಕ ವರದಿಯ ಭಾಷೆ ತಿದ್ದುವುದು. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಸಂಪಾದನೆ. ನೀರೆತ್ತುವ ಪಂಪಿನ ಬಳಕೆಯ ಕೈಪಿಡಿಯ ಅನುವಾದ. ನಿವೃತ್ತರಾಗುವ ಮುಖ್ಯೋಪಾಧ್ಯಾಯರೊಬ್ಬರಿಗೆ ಬಿನ್ನವತ್ತಳೆ. ಮೂರು ನಿಮಿಷದ ಒಂದು ವಿಡಿಯೋಗೆ ಮಾತು. ಇವುಗಳಲ್ಲಿ ಒಂದೊಂದಕ್ಕೂ ಓದುಗ ಬೇರೆ, ಧಾಟಿ ಬೇರೆ, ಉದ್ದ ಬೇರೆ, ಹಣ ಬರುವ ರೀತಿ ಬೇರೆ. ಮಾಸಿಕದ ಲೇಖನ ಸ್ವೀಕೃತವಾಯಿತೋ ಇಲ್ಲವೋ ತಿಳಿಯಲು ತಿಂಗಳುಗಳು ಬೇಕು. ಪ್ರಕಟವಾದ ಮೇಲೆ ಸಂಭಾವನೆ. ಅಂತರ್ಜಾಲ ತಾಣದವರು ಪದಗಳ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಕೊಡುತ್ತಾರೆ, ತಾಣ ಮುಚ್ಚಿದರೆ ಅದೂ ಇಲ್ಲ. ಸ್ಮರಣ ಸಂಚಿಕೆಯದು ಸೇವೆ. ಬಿನ್ನವತ್ತಳೆಗೆ ಒಂದು ಶಾಲು.

ಬಂದರಿನ ಲೇಖನವನ್ನೇ ತೆಗೆದುಕೊಳ್ಳಿ. ಹರಾಜು ನೋಡಲು ಎರಡು ದಿನ ಬೆಳಕು ಹರಿಯುವ ಮೊದಲೇ ಗಂಗೊಳ್ಳಿಗೆ ಹೋಗಬೇಕಾಯಿತು. ಮಂಜುಗಡ್ಡೆಯವರನ್ನು, ದೋಣಿಯ ಮಾಲೀಕರನ್ನು, ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರನ್ನು ಕಂಡು ಮಾತನಾಡಿಸಲು ಒಂದು ಮಧ್ಯಾಹ್ನ. ಬರೆದು, ತಿದ್ದಿ, ಅಂಕಿಗಳನ್ನು ಮತ್ತೆ ಫೋನಿನಲ್ಲಿ ಖಚಿತಪಡಿಸಿಕೊಳ್ಳಲು ಮೂರು ರಾತ್ರಿ. ಐದು ತಿಂಗಳ ಬಳಿಕ ಖಾತೆಗೆ ಬಂದದ್ದು 1,200 ರೂಪಾಯಿ. ಸ್ಕೂಟರಿನ ಪೆಟ್ರೋಲ್, ಫೋನು ಕಳೆದು ಉಳಿದದ್ದನ್ನು ದಿನಗಳಿಗೆ ಹಂಚಿದರೆ ಯಾವ ಕಾರ್ಖಾನೆಯ ದಿನಗೂಲಿಗೂ ಅದು ಸಮನಾಗದು. ಹಾಗಾದರೆ ಏಕೆ ಬರೆಯುತ್ತೀರಿ ಎಂದು ಕೇಳಬಹುದು. ಆ ಲೇಖನ ಓದಿದ ಒಬ್ಬರು ತಮ್ಮ ಸಂಸ್ಥೆಯ ಪರಿಚಯ ಪುಸ್ತಿಕೆ ಬರೆಯಲು ಕರೆದರು, ಮೂರು ತಿಂಗಳ ಮನೆಖರ್ಚು ಅದರಿಂದ ನಡೆಯಿತು. ಪತ್ರಿಕೆಯ ಬರಹ ನಮಗೆ ಅಂಗಡಿಯ ಎದುರಿನ ಗಾಜಿನ ಕಪಾಟು ಇದ್ದಂತೆ. ವ್ಯಾಪಾರ ನಡೆಯುವುದು ಒಳಗೆ.

ಈ ಕರಾವಳಿಗೆ ಹೊಸತಲ್ಲ

ಬರಹದಿಂದ ಬದುಕುವುದು ನಮ್ಮ ಊರಿಗೆ ಹೊಸ ಮಾತಲ್ಲ. ಕೋಟೇಶ್ವರದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಬೇಗನೆ ಸಿಗುವ ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟವರು. ಸರ್ಕಾರಿ ನೌಕರಿಯನ್ನಾಗಲಿ ಅಧ್ಯಾಪಕ ಹುದ್ದೆಯನ್ನಾಗಲಿ ಆಶ್ರಯಿಸದೆ ದೀರ್ಘ ಜೀವನವನ್ನು ಬರಹದ ದುಡಿಮೆಯಲ್ಲಿ ಕಳೆದರು. ಜ್ಞಾನಪೀಠ ಪ್ರಶಸ್ತಿ ತಂದ ‘ಮೂಕಜ್ಜಿಯ ಕನಸುಗಳು’ ಎಲ್ಲರಿಗೂ ಗೊತ್ತು. ಆದರೆ ಒಬ್ಬ ಉದ್ದಿಮೆದಾರನ ಕಣ್ಣಿನಿಂದ ಅವರ ಕೆಲಸದ ಪಟ್ಟಿಯನ್ನು ನೋಡಬೇಕು. 1920ರ ದಶಕದಲ್ಲಿಯೇ ‘ವಸಂತ’ ಪತ್ರಿಕೆ ನಡೆಸಿದರು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಅರ್ಥಕೋಶ, ನಾಟಕ, ಪ್ರವಾಸಕಥನ, ಯಕ್ಷಗಾನದ ಸಂಶೋಧನೆ ಎಲ್ಲವನ್ನೂ ಮಾಡಿದರು. ಪುತ್ತೂರಿನಲ್ಲಿ ಮುದ್ರಣಾಲಯವನ್ನೂ ನಡೆಸಿದರು. ಒಂದೇ ಸರಕನ್ನು ನೆಚ್ಚಿ ಕೂರದೆ, ಓದುಗರ ಬೇರೆ ಬೇರೆ ಅಗತ್ಯಗಳನ್ನು ಅರಿತು ಉತ್ಪಾದನೆ ನಡೆಸಿದ ಕಸುಬುದಾರ ಅವರು. ಅವರ ಪ್ರತಿಭೆ ಎಲ್ಲರಿಗೂ ಬರುವಂಥದ್ದಲ್ಲ. ಆದರೆ ಅವರ ದುಡಿಮೆಯ ಕ್ರಮದಿಂದ ಕಲಿಯಬಹುದಾದುದು ಬಹಳವಿದೆ.

ಕಾರಂತರು 1994ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕಿನ ಬಗ್ಗೆ ವ್ಯವಸ್ಥೆ ಮಾಡಿದ್ದರು. 1997ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಯಕ್ಷಗಾನ ಪ್ರಯೋಗಗಳ ಹಕ್ಕಿನ ವಿಚಾರ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2009ರಲ್ಲಿ ನ್ಯಾಯಾಲಯವು ಉಯಿಲಿನ ಮೂಲಕ ಹಕ್ಕು ಪಡೆದವರ ಸ್ವಾಮ್ಯವನ್ನು ಮಾನ್ಯಮಾಡಿತು. ಬರೆದದ್ದು ಜಮೀನಿನಂತೆ, ಮನೆಯಂತೆ ಒಂದು ಆಸ್ತಿ ಎಂಬುದಕ್ಕೆ ನಮ್ಮ ನೆರೆಯ ಊರಿನಿಂದಲೇ ಸಿಗುವ ನಿದರ್ಶನವಿದು. ಲೇಖಕನ ಮರಣಾನಂತರ 60 ವರ್ಷ ಈ ಆಸ್ತಿ ಊರ್ಜಿತದಲ್ಲಿರುತ್ತದೆ. ಆ ಲೆಕ್ಕದಲ್ಲಿ ಕಾರಂತರ ಕೃತಿಗಳ ಹಕ್ಕು 2057ರ ಕೊನೆಯವರೆಗೂ ಉಳಿಯುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಇದೇ ಕರಾವಳಿಯಲ್ಲಿ. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಆರಂಭವಾದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಮಂದಿಗೆ ಬರೆಯುವ ಅವಕಾಶ ಒದಗಿತು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯಂತೂ ಕೃಷಿಕರ ಕೈಗೇ ಲೇಖನಿಯನ್ನಿತ್ತಿತು. ತೋಟದಲ್ಲಿ ಕಂಡದ್ದನ್ನು ತೋಟದವರೇ ಬರೆದರು. ಹಲಸಿನಂಥ, ಕೊಳೆತು ಹೋಗುತ್ತಿದ್ದ ಫಸಲಿಗೆ ಮೌಲ್ಯವಿದೆಯೆಂದು ಶ್ರೀ ಪಡ್ರೆಯವರಂಥವರು ವರ್ಷಗಟ್ಟಲೆ ಬರೆದುದರಿಂದ ಜನ ಅದರತ್ತ ನೋಡುವ ದೃಷ್ಟಿಯೇ ಬದಲಾಯಿತು. ಒಳ್ಳೆಯ ಬರಹವು ಸರಕಿಗೆ ಮಾರುಕಟ್ಟೆಯನ್ನು ತೆರೆಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ತಪ್ಪು, ಅವರ ತಪ್ಪು

ಕೆಲವು ವರ್ಷಗಳ ಹಿಂದೆ ಬೇರೊಂದು ತಾಲೂಕಿನ ಒಂದು ಉತ್ಪಾದನಾ ಘಟಕದ ಅಂತರ್ಜಾಲ ತಾಣಕ್ಕೆ ಇಪ್ಪತ್ತು ಪುಟಗಳಷ್ಟು ಬರೆದುಕೊಟ್ಟೆ. ಮಾತುಕತೆಯೆಲ್ಲ ಫೋನಿನಲ್ಲಿ. ದರವನ್ನು ಹೇಳಿದ್ದೆ, ಅವರು "ಆಯಿತು, ನೋಡೋಣ" ಎಂದಿದ್ದರು. ಬರಹ ತಾಣವನ್ನೇರಿತು, ಅದರಿಂದ ವಿಚಾರಣೆಗಳು ಬರುತ್ತಿವೆಯೆಂದು ಅವರೇ ಸಂತೋಷದಿಂದ ಹೇಳಿದರು. ಹಣ ಮಾತ್ರ ಬರಲಿಲ್ಲ. ಎಂಟು ತಿಂಗಳ ಅಲೆದಾಟದ ನಂತರ ಅರ್ಧ ಹಣ ಬಂತು. ಉಳಿದರ್ಧದ ಬಗ್ಗೆ ವಿಚಾರಿಸಿದಾಗ "ನಿಮ್ಮ ಬಿಲ್ಲೇ ಇಲ್ಲವಲ್ಲ, ಯಾವ ಖಾತೆಗೆ ಹಾಕುವುದು?" ಎಂದರು ಅಲ್ಲಿನ ಲೆಕ್ಕಿಗರು. ಆ ವರ್ಷ ಮಗಳ ಶಾಲೆಯ ಶುಲ್ಕ ಕಟ್ಟಲು ನಾನು ಕೈಸಾಲ ಮಾಡಬೇಕಾಯಿತು. ಸಿಟ್ಟು ಬಂದದ್ದು ನಿಜ. ಆದರೆ ತಣ್ಣಗಾದ ಮೇಲೆ ಯೋಚಿಸಿದಾಗ ಲೆಕ್ಕಿಗರ ಪ್ರಶ್ನೆ ನ್ಯಾಯವಾದುದೆನಿಸಿತು. ಕಾರ್ಯಾದೇಶ ಪಡೆಯದೆ ಕೆಲಸ ಆರಂಭಿಸಿದವನು ನಾನು. ಬಿಲ್ಲು ಕೊಡದೆ ಹಣ ನಿರೀಕ್ಷಿಸಿದವನೂ ನಾನೇ. ಕಸುಬೆಂದು ಬಾಯಲ್ಲಿ ಹೇಳುತ್ತ ಹವ್ಯಾಸಿಯಂತೆ ನಡೆದುಕೊಂಡಿದ್ದೆ.

ಆ ಬಳಿಕ ಕಾನೂನನ್ನು ಓದಿಕೊಂಡೆ. ತಿಳಿದುದನ್ನು ಇಲ್ಲಿ ಸಂಗ್ರಹಿಸಿ ಹೇಳುವುದು ವರ್ತಕ ಬಾಂಧವರಿಗೂ ಉಪಯುಕ್ತವೆಂದು ಭಾವಿಸುತ್ತೇನೆ.

ಮೊದಲನೆಯದು, ಪಾವತಿಯ ಅವಧಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ ಸರಕು ತಯಾರಿಸುವವರಿಗೆ ಮಾತ್ರವಲ್ಲದೆ ಸೇವೆ ಒದಗಿಸುವವರಿಗೂ ಅನ್ವಯಿಸುತ್ತದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಸೇವೆ ಒದಗಿಸುವ ಒಬ್ಬಂಟಿ ಕಸುಬುದಾರನೂ ಆಧಾರ್ ಮತ್ತು ಪ್ಯಾನ್ ಆಧಾರದಲ್ಲಿ ಶುಲ್ಕವಿಲ್ಲದೆ ಮಾಡಿಸಿಕೊಳ್ಳಬಹುದು. ಹಾಗೆ ನೋಂದಾಯಿತನಾದ ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಗೆ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳ ಚಕ್ರಬಡ್ಡಿ ಕೂಡುತ್ತದೆ. ಇದಕ್ಕಿಂತಲೂ ನೇರವಾಗಿ ನಿಮ್ಮ ಕಿಸೆಗೆ ತಟ್ಟುವುದು 2023ರ ಹಣಕಾಸು ಕಾಯಿದೆ ಆದಾಯ ತೆರಿಗೆಯಲ್ಲಿ ತಂದ 43ಬಿ(ಎಚ್) ಎಂಬ ನಿಯಮ. 2023-24ರ ಹಣಕಾಸು ವರ್ಷದ ಲೆಕ್ಕದಿಂದ ಮೊದಲ್ಗೊಂಡು, ಇಂಥ ಉದ್ಯಮಿಗೆ ಅವಧಿ ಮೀರಿಯೂ ಪಾವತಿಸದೆ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಅದಕ್ಕೆ ಅವಕಾಶ ಎಂಬುದು ಅದರ ಸಾರ. ಬಾಕಿ ಉಳಿಸಿಕೊಳ್ಳುವುದು ಲಾಭವೆಂಬ ಹಳೆಯ ನಂಬಿಕೆ ಈಗ ತೆರಿಗೆಯ ಹೊರೆಯಾಗಿ ಪರಿಣಮಿಸಬಹುದು. ನಮ್ಮ ಸಣ್ಣ ಕಾರ್ಖಾನೆಗಳು ದೊಡ್ಡ ಕಂಪನಿಗಳಿಂದ ಬಾಕಿ ವಸೂಲಿಗೆ ಇದೇ ಕಾಯಿದೆಯನ್ನು ಅವಲಂಬಿಸುತ್ತವೆ. ದೊಡ್ಡವರಿಂದ ನಾವು ಕೇಳುವ ನ್ಯಾಯವನ್ನು ನಮಗಿಂತ ಸಣ್ಣವರಿಗೆ ನಾವೂ ಸಲ್ಲಿಸಬೇಕಲ್ಲವೇ?

ಎರಡನೆಯದು, ಹಕ್ಕು. ಹಣ ಕೊಟ್ಟು ಬರೆಸಿದ ಮಾತ್ರಕ್ಕೆ ಬರಹ ತಮ್ಮದಾಯಿತೆಂದು ಬಹುಮಂದಿ ಉದ್ದಿಮೆದಾರರು ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಾಗಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರದು. ಸ್ವತಂತ್ರ ಬರಹಗಾರ ಬರೆದದ್ದರ ಮೊದಲ ಹಕ್ಕುದಾರ ಬರೆದವನೇ. ಅದನ್ನು ವರ್ಗಾಯಿಸಲು ಸಹಿ ಮಾಡಿದ ಬರಹ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯಿದೆ ಪರಿಗಣಿಸುತ್ತದೆ. ಗೋಡಂಬಿಯನ್ನು ಹೊರದೇಶಕ್ಕೆ ಕಳುಹಿಸುವವರು ತಮ್ಮ ಪರಿಚಯ ಪುಸ್ತಿಕೆಯ ಹಕ್ಕು ಯಾರಲ್ಲಿದೆ ಎಂದು ಒಮ್ಮೆ ಕಡತ ತೆಗೆದು ನೋಡುವುದು ಒಳ್ಳೆಯದು. ಅರ್ಧ ಹಾಳೆಯ ಒಪ್ಪಂದ ಇಬ್ಬರನ್ನೂ ಕಾಪಾಡುತ್ತದೆ.

ಈಗ ಅಗತ್ಯ ಹೆಚ್ಚಿದೆ

ಬರಹವೆಂದರೆ ಜಾಹೀರಾತಿನ ಆಡಂಬರ, ಅದಿಲ್ಲದೆಯೂ ವ್ಯಾಪಾರ ನಡೆಯುತ್ತದೆ ಎಂಬ ಕಾಲ ಸರಿಯುತ್ತಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ, ಉದ್ದಿಮೆಗಳ ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು. ರಾಜ್ಯದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆಗಳನ್ನು ಕನ್ನಡದಲ್ಲಿಯೂ ಮುದ್ರಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶಿಸಿತು. ಆಹಾರ ಪದಾರ್ಥಗಳಿಗಾದರೆ ಕೇಂದ್ರದ ನಿಯಮದಂತೆ ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ವಿವರಗಳು ಕಡ್ಡಾಯ, ಕನ್ನಡ ಅದರ ಜೊತೆಗೆ. ಎರಡು ಭಾಷೆಯ ವಿವರಗಳು ಒಂದಕ್ಕೊಂದು ತಾಳೆಯಾಗಬೇಕು. ಅಂದರೆ ಉಪ್ಪಿನಕಾಯಿ, ಹಪ್ಪಳ, ತೆಂಗಿನೆಣ್ಣೆ ತಯಾರಿಸುವ ಚಿಕ್ಕ ಘಟಕಕ್ಕೂ ಈಗ ನಿಖರವಾದ ಕನ್ನಡ ಬೇಕಾಗಿದೆ.

ಇದನ್ನು ಗಣಕಯಂತ್ರವೇ ಮಾಡಿಕೊಡುವುದಿಲ್ಲವೇ ಎಂಬ ಪ್ರಶ್ನೆ ಸಹಜ. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಿದ ಕೂಡಲೇ ಪುಟಗಟ್ಟಲೆ ಬರೆಯುವ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ನಾನು ಅವುಗಳ ವಿರೋಧಿಯಲ್ಲ. ಕೈಪಿಡಿಯ ಮೊದಲ ಕರಡು ಮಾಡಲು ನಾನೂ ಬಳಸುತ್ತೇನೆ, ಆ ಉಳಿತಾಯವನ್ನು ದರದಲ್ಲಿ ಕಡಿತಮಾಡಿಯೂ ಇದ್ದೇನೆ. ಇವುಗಳಿಂದಾಗಿ ಅಂತರ್ಜಾಲ ತಾಣಗಳ ಕಿರು ಬರಹದ ಕೆಲಸ ನನಗೆ ಬಹುಪಾಲು ಕೈತಪ್ಪಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಈಚೆಗೆ ಒಂದು ತಿಂಡಿ ಪೊಟ್ಟಣದ ಮೇಲೆ "ಪೊಟ್ಟಣ ಕಟ್ಟುವ ಆರು ತಿಂಗಳ ಮೊದಲು ಉತ್ತಮ" ಎಂಬ ಸಾಲನ್ನು ಓದಿದೆ. ಕಟ್ಟಿದ ದಿನದಿಂದ ಆರು ತಿಂಗಳೊಳಗೆ ಬಳಸಿ ಎಂಬುದು ಹೀಗಾಗಿತ್ತು. ಸಾವಿರಾರು ಪೊಟ್ಟಣ ಮುದ್ರಣವಾಗಿ ಹೋಗಿದ್ದವು. ಯಂತ್ರ ತಪ್ಪು ಮಾಡಿತೆಂದು ಗ್ರಾಹಕನಿಗಾಗಲಿ ಅಧಿಕಾರಿಗಾಗಲಿ ಹೇಳಿದರೆ ಸಲ್ಲದು, ಪೊಟ್ಟಣದ ಮೇಲಿರುವುದು ತಯಾರಕರ ಹೆಸರು. ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಯಂತ್ರದ್ದಾದರೂ ಬಿರುಕು ಬಿಟ್ಟ ಹಂಚನ್ನು ತಟ್ಟಿ ನೋಡಿ ಬೇರ್ಪಡಿಸುವ ಕೈ ಮನುಷ್ಯನದು. ಬರಹದಲ್ಲಿಯೂ ಆ ಕೈಗೆ ಕೂಲಿ ಇರಬೇಕು.

ಅಲ್ಲದೆ ಯಂತ್ರ ಗಂಗೊಳ್ಳಿಯ ಹರಾಜಿಗೆ ಹೋಗಿ ನಿಲ್ಲುವುದಿಲ್ಲ. ನಿಮ್ಮ ಅಜ್ಜ ಯಾವ ವರ್ಷ ಗಿರಣಿ ಹಾಕಿದರು, ನೆರೆ ಬಂದಾಗ ಹೇಗೆ ನಡೆಸಿದರು, ಇಂದಿಗೂ ಯಾವ ಊರಿನ ಭತ್ತಕ್ಕೆ ಕಾಯುತ್ತೀರಿ ಎಂಬುದು ಎಲ್ಲಿಯೂ ದಾಖಲಾಗಿಲ್ಲ. ಎದುರು ಕುಳಿತು ಕೇಳಿ ಬರೆಯುವವನೊಬ್ಬ ಬೇಕು. ನಮ್ಮ ಊರಿನ ಅಂಗಡಿ, ಕಾರ್ಖಾನೆಗಳನ್ನು ಹೊರಗಿನ ಹತ್ತರಿಂದ ಬೇರೆ ಮಾಡಿ ತೋರಿಸುವುದು ಇಂಥ ವಿವರಗಳೇ.

ಗೆರೆಯೊಂದನ್ನು ಕಾಯಬೇಕು

ಇಲ್ಲಿ ವರ್ತಕ ಬಾಂಧವರಿಗೆ ಅಪ್ರಿಯವಾಗಬಹುದಾದ ಮಾತೊಂದನ್ನೂ ಹೇಳಬೇಕು. ಒಂದೇ ಕೈ ಪತ್ರಿಕೆಗೂ ಬರೆಯುತ್ತದೆ, ಕಾರ್ಖಾನೆಗೂ ಬರೆಯುತ್ತದೆ. "ನಮ್ಮ ಪುಸ್ತಿಕೆಗೆ ಹಣ ಕೊಟ್ಟಿದ್ದೇವೆ, ಪತ್ರಿಕೆಯಲ್ಲಿಯೂ ನಮ್ಮ ಬಗ್ಗೆ ಒಂದು ಲೇಖನ ಬರಲಿ" ಎಂಬ ಕೋರಿಕೆ ನನಗೆ ಹಲವು ಸಲ ಬಂದಿದೆ. ಒಮ್ಮೆ ಒಪ್ಪಿಕೊಳ್ಳುವ ಹಂತಕ್ಕೂ ಹೋಗಿದ್ದೆ, ಏಕೆಂದರೆ ಆ ತಿಂಗಳು ಬೇರೆ ಆದಾಯವಿರಲಿಲ್ಲ. ಕೊನೆಗೆ ಬರೆಯಲಿಲ್ಲ. ಆ ಗಿರಾಕಿ ಮತ್ತೆ ಬರಲಿಲ್ಲ.

ಆ ನಿರಾಕರಣೆ ಹೆಮ್ಮೆಗಾಗಿ ಅಲ್ಲ. ಹಣ ಪಡೆದದ್ದನ್ನು ಮರೆಮಾಚಿ ಲೇಖನದ ವೇಷದಲ್ಲಿ ಜಾಹೀರಾತು ಬರೆದರೆ ಓದುಗನಿಗೆ ಮೋಸ, ಪತ್ರಿಕೆಗೆ ಮೋಸ. ತಿಳಿದಾಗ ಹೆಸರು ಕೆಡುವುದು ಸರಕಿನದೂ ಹೌದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2022ರಲ್ಲಿ ಹೊರಬಂದ ಮಾರ್ಗಸೂಚಿಗಳು ಸರಕನ್ನು ಹೊಗಳುವವನಿಗೂ ಮಾರುವವನಿಗೂ ಇರುವ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಹೇಳುತ್ತವೆ. ತೂಕದ ಕಲ್ಲಿನ ಕೆಳಗೆ ಮೇಣ ಅಂಟಿಸುವುದನ್ನು ಯಾವ ಮರ್ಯಾದಸ್ಥ ವರ್ತಕನೂ ಒಪ್ಪುವುದಿಲ್ಲ. ಇದೂ ಅಂಥದ್ದೇ. ಬರಹಗಾರನಿಗೆ ಸಕಾಲದಲ್ಲಿ ನ್ಯಾಯವಾದ ಹಣ ಸಂದರೆ ಈ ಗೆರೆಯನ್ನು ಕಾಯುವುದು ಅವನಿಗೆ ಸುಲಭವಾಗುತ್ತದೆ. ಹಸಿವಿನಲ್ಲಿ ಗೆರೆ ಮಸುಕಾಗುತ್ತದೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ.

ಆಕ್ಷೇಪಗಳು

ಸಣ್ಣ ವ್ಯಾಪಾರಿಗೆ ಇಷ್ಟೆಲ್ಲ ಖರ್ಚು ಸಾಧ್ಯವೇ ಎಂಬುದು ಮೊದಲ ಆಕ್ಷೇಪ. ನ್ಯಾಯವಾದ ಆಕ್ಷೇಪವೇ. ಆದರೆ ಸಣ್ಣ ಕೆಲಸಕ್ಕೆ ಸಣ್ಣ ದರವೇ ಇರುತ್ತದೆ. ಇಬ್ಬರು ಮೂವರು ಘಟಕದವರು ಸೇರಿ ಲೇಬಲ್ ತಿದ್ದಿಸಿಕೊಂಡರೆ ಇನ್ನೂ ಕಡಿಮೆಯಾದೀತು. ಕೊಡಲಾಗದಿದ್ದರೆ ಮೊದಲೇ ಹೇಳಿದರೂ ಸಾಕು, ಊರವನಾಗಿ ಉಚಿತವಾಗಿ ಮಾಡಿಕೊಡುವ ಕೆಲಸಗಳು ನಮಗೂ ಇವೆ. ದೇವಸ್ಥಾನದ ಸಂಚಿಕೆಗೆ ನಾನೆಂದೂ ಹಣ ಕೇಳಿದವನಲ್ಲ. ಆದರೆ ದಾನ ಕೊಡುವವನು ತಾನಾಗಿ ಕೊಡಬೇಕು. ಬಾಕಿಯನ್ನು ದಾನವೆಂದು ಖಾತೆಯಲ್ಲಿ ಬರೆದುಕೊಳ್ಳಬಾರದು.

ಬರಹಗಾರರು ಹೇಳಿದ ದಿನಕ್ಕೆ ಕೊಡುವುದಿಲ್ಲ, ತಿದ್ದಲು ಹೇಳಿದರೆ ಮುನಿಸಿಕೊಳ್ಳುತ್ತಾರೆ, ಬೆಲೆಯನ್ನು ಒಮ್ಮೊಮ್ಮೆ ಒಂದೊಂದು ಹೇಳುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಇದನ್ನೂ ಒಪ್ಪುತ್ತೇನೆ. ಕಸುಬುದಾರನ ಗೌರವ ಬೇಕಾದರೆ ಕಸುಬುದಾರನ ಶಿಸ್ತೂ ಬೇಕು. ದರಪಟ್ಟಿ ಇಟ್ಟುಕೊಳ್ಳುವುದು, ಎರಡು ಸಲದ ತಿದ್ದುಪಡಿಯನ್ನು ದರದಲ್ಲಿಯೇ ಸೇರಿಸುವುದು, ಕೊಟ್ಟ ದಿನಾಂಕ ಉಳಿಸಿಕೊಳ್ಳುವುದು, ಕ್ರಮಾಂಕವಿರುವ ಬಿಲ್ಲು ಕೊಡುವುದು, ಗಿರಾಕಿಯ ಗುಟ್ಟನ್ನು ಪ್ರತಿಸ್ಪರ್ಧಿಗೆ ಬಿಡದಿರುವುದು, ಆದಾಯ ತೆರಿಗೆಯ ಲೆಕ್ಕವನ್ನು ಸರಿಯಾಗಿ ಇಡುವುದು ನಮ್ಮ ಕರ್ತವ್ಯ. ಬಿಲ್ಲು ಪುಸ್ತಕ ಇಟ್ಟುಕೊಂಡ ಮೇಲೆ ನನ್ನ ಬಾಕಿಗಳು ಕಡಿಮೆಯಾಗಿವೆ. ಗಿರಾಕಿಗಳೂ ಕಡಿಮೆಯಾದರು. ಉಳಿದವರು ಮಾತ್ರ ಮತ್ತೆ ಮತ್ತೆ ಬರುತ್ತಿದ್ದಾರೆ.

ಸಂಘಕ್ಕೆ ನಾಲ್ಕು ಸಲಹೆ

ಈ ಹಿನ್ನೆಲೆಯಲ್ಲಿ ನಮ್ಮ ವಾಣಿಜ್ಯ ಸಂಘದ ಮುಂದೆ ನಾಲ್ಕು ಸಲಹೆಗಳನ್ನು ವಿನಮ್ರವಾಗಿ ಇಡುತ್ತೇನೆ. ಒಂದು, ಬರಹದ ಕೆಲಸಕ್ಕೆ ಒಂದು ಪುಟದ ಮಾದರಿ ಕಾರ್ಯಾದೇಶವನ್ನು ಸಂಘವೇ ಸಿದ್ಧಪಡಿಸಲಿ. ಕೆಲಸದ ವಿವರ, ಉದ್ದ, ದಿನಾಂಕ, ದರ, ಮುಂಗಡ, ತಿದ್ದುಪಡಿಯ ಮಿತಿ, ಹಕ್ಕಿನ ಅವಧಿ, ಪಾವತಿಯ ದಿನ, ಇಷ್ಟಿದ್ದರೆ ಸಾಕು. ಎರಡು, ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಬರಹ, ಅನುವಾದ, ಕರಡು ತಿದ್ದುವ ಕೆಲಸ ಬಲ್ಲವರ ಒಂದು ಪಟ್ಟಿಯನ್ನು ಅವರ ಒಪ್ಪಿಗೆಯೊಂದಿಗೆ ಸದಸ್ಯರಿಗೆ ಒದಗಿಸಲಿ. ಮೂರು, ಕನ್ನಡ ಲೇಬಲಿನ ನಿಯಮಗಳ ಬಗ್ಗೆ ಆಹಾರ ಘಟಕಗಳಿಗಾಗಿ ಅರ್ಧ ದಿನದ ಶಿಬಿರ ನಡೆಸಲಿ, ಪೊಟ್ಟಣಗಳನ್ನು ತಂದು ಅಲ್ಲಿಯೇ ತಿದ್ದಿಕೊಂಡು ಹೋಗುವಂತಾಗಲಿ. ನಾಲ್ಕು, ಈ ಮಾಸಪತ್ರಿಕೆಯಲ್ಲಿ ತಿಂಗಳಿಗೊಂದು ಹಳೆಯ ಅಂಗಡಿಯ ಅಥವಾ ಕಾರ್ಖಾನೆಯ ಚರಿತ್ರೆ ಪ್ರಕಟವಾಗಲಿ, ಬರೆದ ಯುವಕ ಯುವತಿಯರಿಗೆ ಸಂಘವೇ ನಿಗದಿತ ದರದಂತೆ ಹಣ ನೀಡಲಿ. ಅದನ್ನು ದಯವಿಟ್ಟು ಗೌರವಧನವೆಂದು ಕರೆಯದಿರಲಿ.

ಓದಿದ, ಬರೆಯಬಲ್ಲ ನಮ್ಮ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಅವರು ಅಲ್ಲಿ ಮಾಡುವ ಬರಹದ ಕೆಲಸದಲ್ಲಿ ಒಂದಷ್ಟನ್ನು ಕೋಟೇಶ್ವರದ ಮನೆಯ ಜಗಲಿಯಲ್ಲಿ ಕುಳಿತೇ ಮಾಡಬಹುದು. ಅಂತರ್ಜಾಲ ಆ ಸೌಕರ್ಯವನ್ನು ಒದಗಿಸಿದೆ. ಇಲ್ಲಿ ಇಲ್ಲದಿರುವುದು ಮೊದಲ ಗಿರಾಕಿ. ಅದು ನೀವಾಗಬಹುದು.

ಆರಂಭದಲ್ಲಿ ಹೇಳಿದ ವರ್ತಕರ ಕತೆಯನ್ನು ಮುಗಿಸಿಬಿಡುತ್ತೇನೆ. ಕರಪತ್ರದ ಎರಡು ಮಾದರಿಗಳನ್ನು ಮರುದಿನ ಅವರ ಮುಂದಿಟ್ಟೆ. ಒಂದು ನಿಜವಾಗಿಯೂ ಐದು ನಿಮಿಷದಲ್ಲಿ ಬರೆದದ್ದು. ಇನ್ನೊಂದು, ಅವರ ಅಂಗಡಿಯಲ್ಲಿ ಒಂದು ಸಂಜೆ ನಿಂತು ಗಿರಾಕಿಗಳು ಏನು ಕೇಳುತ್ತಾರೆಂದು ಕೇಳಿಸಿಕೊಂಡು ಬರೆದದ್ದು. ಎರಡನ್ನೂ ಓದಿ ಅವರು ಎರಡನೆಯದನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಲ್ಲ್ ಇತ್ತಾ?" ಎಂದು ಕೇಳಿದರು. ಇತ್ತು, ಕೊಟ್ಟೆ. ಹಬ್ಬ ಮುಗಿದ ಮೂರನೆಯ ದಿನ ಹಣ ಸಂದಾಯವಾಯಿತು. ಈ ಲೇಖನದ ಮೂಲಕ ನಾನು ಕೇಳುತ್ತಿರುವುದೂ ಇಷ್ಟನ್ನೇ.